ಹಳೆಯ ಟ್ರಾನ್ಸಿಸ್ಟರ್ ವರ್ಧಕ ಮತ್ತು ಜಾಝ್ ಗಿಟಾರ್: ನಂಬಿಕೆ ಎಷ್ಟು, ಭೌತಶಾಸ್ತ್ರ ಎಷ್ಟು?

ವೀಣೆಯ ಕೊಡ, ಪಿಟೀಲಿನ ಮರದ ಪೆಟ್ಟಿಗೆ ತಂತಿಯ ಕಂಪನವನ್ನು ಗಾಳಿಗೆ ದಾಟಿಸುತ್ತವೆ. ವಿದ್ಯುತ್ ಗಿಟಾರಿನಲ್ಲಿ ಈ ಕೆಲಸದ ಬಹುಪಾಲು ನಡೆಯುವುದು ವಾದ್ಯದ ಹೊರಗೆ, ವರ್ಧಕ ಮತ್ತು ಸ್ಪೀಕರಿನಲ್ಲಿ. ಆದ್ದರಿಂದಲೇ ಗಿಟಾರ್ ವಾದಕರು ವರ್ಧಕವನ್ನು, ಅಂದರೆ ಆಂಪ್ಲಿಫೈಯರನ್ನು, ವಾದ್ಯದ ಅರ್ಧಭಾಗವೆಂದೇ ಎಣಿಸುತ್ತಾರೆ. ಅದನ್ನು ಆರಿಸುವಾಗ ಅವರಲ್ಲಿ ನಡೆಯುವ ಚರ್ಚೆ ತೀವ್ರವಾದುದು.

ಈ ಚರ್ಚೆಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊದಲನೆಯದು, ‘ವಾಲ್ವ್ ವರ್ಧಕದ ನಾದ ಬೆಚ್ಚಗಿನದು, ಟ್ರಾನ್ಸಿಸ್ಟರಿನದು ಒರಟು’ ಎಂಬುದು. ಎರಡನೆಯದು ಇದಕ್ಕೆ ಎದುರಾದುದು: ‘1960 ಮತ್ತು 70ರ ದಶಕಗಳ ಟ್ರಾನ್ಸಿಸ್ಟರ್ ವರ್ಧಕಗಳಲ್ಲಿ ಈಗಿನವುಗಳಲ್ಲಿಲ್ಲದ ಏನೋ ಒಂದು ಇದೆ, ಜಾಝ್ ನುಡಿಸುವವರು ಅವನ್ನೇ ಹುಡುಕಿ ಕೊಳ್ಳಬೇಕು’ ಎಂಬುದು. ಎರಡೂ ವಾದಗಳು ಭೌತಶಾಸ್ತ್ರದ ಪದಗಳನ್ನು ಧಾರಾಳವಾಗಿ ಬಳಸುತ್ತವೆ. ಹಾರ್ಮೋನಿಕ್, ವಿರೂಪಣೆ, ಡ್ಯಾಂಪಿಂಗ್ ಎಂಬ ಮಾತುಗಳನ್ನು ಕೇಳಿದ ವಿದ್ಯಾರ್ಥಿ ಇವು ಪ್ರಯೋಗಸಿದ್ಧ ಸತ್ಯಗಳೆಂದು ನಂಬಿ ಹಣ ತೆರುತ್ತಾನೆ. ಎರಡನ್ನೂ ಪರೀಕ್ಷೆಗೆ ಒಡ್ಡೋಣ. ಇದಕ್ಕೆ ಬೇಕಾದ ವಿಷಯವೆಲ್ಲ ಪಿಯುಸಿ ಮತ್ತು ಬಿಎಸ್‌ಸಿ ಪಠ್ಯದಲ್ಲೇ ಇದೆ.

ಜಾಝ್ ಗಿಟಾರಿಗೆ ಬೇಕಾದುದೇನು?

ಜಾಝ್ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಆಫ್ರಿಕನ್-ಅಮೆರಿಕನ್ನರ ನಡುವೆ ರೂಪುಗೊಂಡ ಸಂಗೀತ. 1939ರಲ್ಲಿ ಬೆನ್ನಿ ಗುಡ್‌ಮನ್ನರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ಅದುವರೆಗೆ ಹೆಚ್ಚಾಗಿ ತಾಳ ಹಿಡಿಯಲು ಬಳಕೆಯಾಗುತ್ತಿದ್ದ ಗಿಟಾರನ್ನು ವಿದ್ಯುತ್ತಿನ ನೆರವಿನಿಂದ ಸ್ಯಾಕ್ಸೋಫೋನಿನ ಸಮಕ್ಕೆ ತಂದರು. ಆಗ ಇದ್ದದ್ದು ವಾಲ್ವ್ ವರ್ಧಕಗಳು ಮಾತ್ರ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೆಯಲ್ಲಿ, ಬೆಲ್ ಪ್ರಯೋಗಾಲಯದಲ್ಲಿ.

ಜಾಝ್ ಗಿಟಾರಿನ ರೂಢಿಯ ನಾದ ದುಂಡಗಿನದು, ತುಸು ಮಬ್ಬಾದುದು. ಇದರ ಮೂಲ ಗಿಟಾರಿನಲ್ಲೇ ಇದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಒಂದು ಸುರುಳಿ. ಅದರ ಪ್ರೇರಕತ್ವ ಸುಮಾರು 4.5 ಹೆನ್ರಿ ಎಂದಿಟ್ಟುಕೊಳ್ಳಿ. ಕೇಬಲಿನ ಧಾರಕತೆ 700 ಪಿಕೊಫ್ಯಾರಡ್ ಆದರೆ ಇವೆರಡರ ಅನುರಣನ ಆವೃತ್ತಿ ಸುಮಾರು 2,800 ಹರ್ಟ್ಸ್. ವಾದಕ ‘ಟೋನ್’ ಗುಂಡಿಯನ್ನು ಪೂರ್ಣ ಇಳಿಸಿದಾಗ 22 ನ್ಯಾನೊಫ್ಯಾರಡಿನ ಕೆಪಾಸಿಟರ್ ಇದಕ್ಕೆ ಸಮಾಂತರವಾಗಿ ಸೇರುತ್ತದೆ. ಅನುರಣನ 500 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಮೇಲಿನ ಹಾರ್ಮೋನಿಕ್‌ಗಳು ಬೇಗಬೇಗನೆ ಕ್ಷೀಣಿಸುತ್ತವೆ. ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಹೀಗೆ ಬೇಕೆಂದೇ ತೆಗೆದುಹಾಕಿದ ಹಾರ್ಮೋನಿಕ್‌ಗಳನ್ನು ವರ್ಧಕ ಮತ್ತೆ ಹುಟ್ಟಿಸಬಾರದು. ರಾಕ್ ಸಂಗೀತಗಾರ ವರ್ಧಕವನ್ನು ಅದರ ಮಿತಿ ಮೀರಿ ದುಡಿಸಿ, ಹುಟ್ಟುವ ವಿರೂಪಣೆಯನ್ನೇ ಸಂಗೀತವಾಗಿಸುತ್ತಾನೆ. ಜಾಝ್ ವಾದಕನಿಗೆ ಅದು ಸಾಮಾನ್ಯವಾಗಿ ಬೇಡ. ಏಕೆ ಬೇಡ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಜಾಝ್‌ನಲ್ಲಿ ಬಹಳ ಬಳಕೆಯಾಗುವ ‘ಎಫ್ ಮೇಜರ್ ಸೆವೆಂತ್’ ಎಂಬ ಸ್ವರಗುಚ್ಛದಲ್ಲಿ ಎಫ್, ಎ, ಸಿ, ಇ ಎಂಬ ನಾಲ್ಕು ಸ್ವರಗಳಿವೆ. ಇದರಲ್ಲಿ ಇ ಮತ್ತು ಎಫ್ ಪಕ್ಕಪಕ್ಕದ ಸ್ವರಗಳಾಗಿ ಬರಬಹುದು: 329.6 ಹರ್ಟ್ಸ್ ಮತ್ತು 349.2 ಹರ್ಟ್ಸ್. ವರ್ಧಕದಲ್ಲಿ ಮೂರನೇ ಘಾತದ ವಿರೂಪಣೆ ಇದ್ದರೆ ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದ ಆವೃತ್ತಿಗಳು ಹೊಸದಾಗಿ ಹುಟ್ಟುತ್ತವೆ: 310.0 ಮತ್ತು 368.8 ಹರ್ಟ್ಸ್. ಮೊದಲನೆಯದು ಇ-ಫ್ಲ್ಯಾಟ್ ಸ್ವರಕ್ಕೆ, ಎರಡನೆಯದು ಎಫ್-ಶಾರ್ಪ್ ಸ್ವರಕ್ಕೆ ಹತ್ತಿರ. ಎರಡೂ ಆ ಗುಚ್ಛಕ್ಕೆ ಪರಕೀಯ. ಜೊತೆಗೆ ಶ್ರುತಿಯಿಂದಲೂ ತುಸು ಕೆಳಗೆ. ವಾದಕ ನುಡಿಸಿದ್ದು ನಾಲ್ಕು ಸ್ವರ, ಕೇಳುಗನಿಗೆ ಸಿಕ್ಕಿದ್ದು ಕಲಸುಮೇಲೋಗರ!

ಆದ್ದರಿಂದ ಜಾಝ್ ವರ್ಧಕದ ಮೊದಲ ಅರ್ಹತೆ, ಬೇಕಾದ ಗಟ್ಟಿತನದಲ್ಲೂ ವಿರೂಪಗೊಳ್ಳದೆ ಉಳಿಯುವುದು. ಎರಡನೆಯದು, ಮೆಲ್ಲಗೆ ಮೀಟಿದ ಸ್ವರ ಕೊನೆಯುಸಿರಿನವರೆಗೂ ಶುದ್ಧವಾಗಿರುವುದು. ಮುಂದಿನ ವಿಮರ್ಶೆಗೆ ಇವೆರಡೇ ಅಳತೆಗೋಲು.

ಸಮ ಮತ್ತು ಬೆಸ: ಅರ್ಧಸತ್ಯದ ಕಥೆ

‘ವಾಲ್ವ್ ಸಮ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ, ಅವು ಇಂಪು, ಟ್ರಾನ್ಸಿಸ್ಟರ್ ಬೆಸ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ, ಅವು ಕರ್ಕಶ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದಕ್ಕೆ ಆಧಾರವಾಗಿ ಹೆಚ್ಚಾಗಿ ಹೆಸರಿಸಲಾಗುವುದು ರಸೆಲ್ ಹ್ಯಾಮ್ ಅವರು 1973ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಆದರೆ ಹ್ಯಾಮ್ ಪರೀಕ್ಷಿಸಿದ್ದು ಧ್ವನಿಮುದ್ರಣದ ಮೈಕ್ರೊಫೋನ್ ಪೂರ್ವವರ್ಧಕಗಳನ್ನು, ಅದೂ ಅವುಗಳ ಮಿತಿ ಮೀರಿದ ಸ್ಥಿತಿಯಲ್ಲಿ. ಅದನ್ನು ಎಲ್ಲ ವರ್ಧಕಗಳಿಗೆ, ಎಲ್ಲ ಸ್ಥಿತಿಗಳಿಗೆ ಅನ್ವಯಿಸುವುದು ತರ್ಕವಲ್ಲ.

ಸಮ-ಬೆಸದ ನಿರ್ಣಯ ಮುಖ್ಯವಾಗಿ ಮಂಡಲದ ಸಮ್ಮಿತಿಯದು. ಒಳಬರುವ ಸಂಕೇತದ ಧನ ಮತ್ತು ಋಣ ಅರ್ಧಗಳನ್ನು ಒಂದೇ ರೀತಿ ವಿರೂಪಗೊಳಿಸುವ ಮಂಡಲದಲ್ಲಿ ಬೆಸ ಹಾರ್ಮೋನಿಕ್‌ಗಳು ಮಾತ್ರ ಉಳಿಯುತ್ತವೆ. ಒಂದು ಅರ್ಧವನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ವಿರೂಪಗೊಳಿಸಿದರೆ ಸಮ ಹಾರ್ಮೋನಿಕ್‌ಗಳೂ ಬರುತ್ತವೆ. ಒಂದೇ ಟ್ರಾನ್ಸಿಸ್ಟರಿನ ‘ಎ’ ವರ್ಗದ ಹಂತದಲ್ಲಿ ಎರಡನೇ ಹಾರ್ಮೋನಿಕ್ಕೇ ಪ್ರಬಲ. ಎರಡು ವಾಲ್ವ್‌ಗಳು ಸರದಿಯಂತೆ ಎಳೆದು ತಳ್ಳುವ ಪುಶ್-ಪುಲ್ ಮಂಡಲದಲ್ಲಿ ಸಮ ಹಾರ್ಮೋನಿಕ್‌ಗಳು ಪರಸ್ಪರ ರದ್ದಾಗುತ್ತವೆ. ವೇದಿಕೆಯ ಮೇಲೆ ಬಳಸುವ ಹೆಚ್ಚಿನ ವಾಲ್ವ್ ವರ್ಧಕಗಳ ಕೊನೆಯ ಹಂತ ಇಂಥದೇ. ಹಾಗಾದರೆ ಈ ಸೂತ್ರದ ಪ್ರಕಾರ ಅವೂ ಕರ್ಕಶವಾಗಬೇಕಿತ್ತಲ್ಲ!

ವಾಲ್ವ್ ಮತ್ತು ಟ್ರಾನ್ಸಿಸ್ಟರ್ ವರ್ಧಕಗಳಲ್ಲಿ ವ್ಯತ್ಯಾಸವೇ ಇಲ್ಲವೆಂದು ಇದರ ಅರ್ಥವಲ್ಲ. ಮುಖ್ಯವಾದವು ಎರಡು. ಋಣ ಫೀಡ್‌ಬ್ಯಾಕ್ ಹೆಚ್ಚಾಗಿರುವ ಟ್ರಾನ್ಸಿಸ್ಟರ್ ವರ್ಧಕ ಮಿತಿಯವರೆಗೂ ಶುದ್ಧವಾಗಿದ್ದು, ಮಿತಿ ಮೀರಿದೊಡನೆ ತರಂಗದ ತಲೆಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ವಾಲ್ವ್ ವರ್ಧಕ ಮಿತಿಗೆ ಮುಂಚಿನಿಂದಲೇ ನಿಧಾನವಾಗಿ ಬಾಗುತ್ತದೆ. ಎರಡನೆಯದು ನಿರ್ಗಮ ರೋಧದ ವಿಷಯ. 8 ಓಮ್ ಎಂದು ಬರೆದಿರುವ ಸ್ಪೀಕರಿನ ಪ್ರತಿಬಾಧೆ ಎಲ್ಲ ಆವೃತ್ತಿಗಳಲ್ಲೂ 8 ಓಮ್ ಆಗಿರುವುದಿಲ್ಲ. ತಗ್ಗಿನ ಅನುರಣನದಲ್ಲಿ ಹಲವು ಪಟ್ಟು ಏರುತ್ತದೆ, ಹೆಚ್ಚಿನ ಆವೃತ್ತಿಗಳಲ್ಲೂ ಏರುತ್ತದೆ. ನಿರ್ಗಮ ರೋಧ ಹೆಚ್ಚಿರುವ ವಾಲ್ವ್ ವರ್ಧಕ ಈ ಏರಿಳಿತವನ್ನು ನಾದದಲ್ಲಿ ಎತ್ತಿ ತೋರಿಸುತ್ತದೆ. ನಿರ್ಗಮ ರೋಧ ಒಂದು ಓಮಿಗಿಂತ ಬಹಳ ಕಡಿಮೆ ಇರುವ ಟ್ರಾನ್ಸಿಸ್ಟರ್ ವರ್ಧಕ ಕೋನ್ ಅನ್ನು ಬಿಗಿಯಾಗಿ ಹಿಡಿಯುತ್ತದೆ. ರಾಕ್ ವಾದಕನಿಗೆ ಇದು ‘ಒಣ’ ನಾದ. ಡಬಲ್ ಬೇಸ್ ವಾದ್ಯದ ಜೊತೆ ನುಡಿಸುವ ಜಾಝ್ ವಾದಕನಿಗೆ ಇದೇ ಸ್ಪಷ್ಟತೆ. ಗುಣವೋ ದೋಷವೋ ಎಂಬುದು ಬಳಕೆಯಿಂದ ನಿರ್ಧಾರವಾಗುತ್ತದೆ.

ಅಪಖ್ಯಾತಿ ಬಂದದ್ದೇಕೆ?

ಟ್ರಾನ್ಸಿಸ್ಟರಿಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. 1966ರಲ್ಲಿ ಪ್ರಸಿದ್ಧ ಫೆಂಡರ್ ಕಂಪನಿ ಹೊರತಂದ ಟ್ರಾನ್ಸಿಸ್ಟರ್ ವರ್ಧಕಗಳು ವಾದಕರ ಮನ ಗೆಲ್ಲದೆ ಕೆಲವೇ ವರ್ಷಗಳಲ್ಲಿ ಮರೆಯಾದವು. ಆ ಕಾಲದ ಮಂಡಲಗಳಲ್ಲಿ ಸಾಮಾನ್ಯವಾಗಿದ್ದ ದೋಷಗಳನ್ನು ಇಂದು ನಾವು ನಿಖರವಾಗಿ ಹೆಸರಿಸಬಲ್ಲೆವು.

ಮೊದಲನೆಯದು, ಬೈಪೋಲಾರ್ ಟ್ರಾನ್ಸಿಸ್ಟರಿನ ಕಡಿಮೆ ಪ್ರವೇಶ ರೋಧ. ಗಿಟಾರಿನ ಪಿಕಪ್‌ಗೆ ಸುಮಾರು 1 ಮೆಗಾಓಮ್ ಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಅನುರಣನದ ಶಿಖರ ಕುಸಿದು ನಾದ ಮಂಕಾಗುತ್ತದೆ. ಇದಕ್ಕೆ ಪರಿಹಾರ ತಂದದ್ದು ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್. ಎರಡನೆಯದು ದಾಟುವಿರೂಪಣೆ. ಪುಶ್-ಪುಲ್ ಜೋಡಿಯ ಒಂದು ಟ್ರಾನ್ಸಿಸ್ಟರ್ ಕೆಲಸ ಬಿಟ್ಟು ಇನ್ನೊಂದು ಹಿಡಿಯುವಾಗ, ಸಿಲಿಕಾನಿನ ಸುಮಾರು 0.6 ವೋಲ್ಟಿನ ಹೊಸ್ತಿಲಿನಲ್ಲಿ ಸಂಕೇತ ಎಡವುತ್ತದೆ. ಬಯಾಸ್ ಸರಿಯಿಲ್ಲದಿದ್ದರೆ ಈ ಎಡವು ಸದಾ ಇರುತ್ತದೆ. ಗಟ್ಟಿಯಾಗಿ ನುಡಿಸಿದಾಗ ಅದು ಮುಚ್ಚಿಹೋಗುತ್ತದೆ. ಮೆಲ್ಲಗೆ ನುಡಿಸಿದಾಗ ಎದ್ದು ಕಾಣುತ್ತದೆ. ವಾಲ್ವಿಗೆ ಒಗ್ಗಿದ ಕಿವಿಗೆ ಇದು ಒರಟಾಗಿ ಕೇಳಿಸಿದ್ದು ಸಹಜ. ಮೂರನೆಯದು ಉಷ್ಣ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಪ್ರವಾಹ ಹೆಚ್ಚುತ್ತದೆ, ಪ್ರವಾಹ ಹೆಚ್ಚಿದಂತೆ ಮತ್ತಷ್ಟು ಬಿಸಿಯಾಗುತ್ತದೆ. ಉಷ್ಣ ಪರಿಹಾರದ ಏರ್ಪಾಡು ಸಾಲದ ವರ್ಧಕ ವೇದಿಕೆಯ ಮೇಲೆಯೇ ಸುಟ್ಟುಹೋಗುತ್ತದೆ. ಇವು ಮೂರೂ ಆಯಾ ವಿನ್ಯಾಸದ ದೋಷಗಳೇ ಹೊರತು ಅರೆವಾಹಕದ ಹುಟ್ಟುಗುಣಗಳಲ್ಲ.

ಹೆಸರುವಾಸಿಯಾದ ಕೆಲವು ಮಾದರಿಗಳು

ಜಾಝ್ ಲೋಕ ಟ್ರಾನ್ಸಿಸ್ಟರನ್ನು ಬೇಗನೆ ಒಪ್ಪಿಕೊಂಡಿತು. 1968ರಲ್ಲಿ ತೀರಿಕೊಂಡ ವೆಸ್ ಮಾಂಟ್ಗೊಮರಿ ತಮ್ಮ ಕೊನೆಯ ವರ್ಷಗಳಲ್ಲಿ ಸ್ಟ್ಯಾಂಡೆಲ್ ಕಂಪನಿಯ ಟ್ರಾನ್ಸಿಸ್ಟರ್ ವರ್ಧಕ ಬಳಸಿದರು. ಹೆಬ್ಬೆರಳಿನಿಂದ ಮೀಟಿದ ಅವರ ನಾದವನ್ನು ‘ಒರಟು’ ಎಂದವರನ್ನು ನಾನು ಕಂಡಿಲ್ಲ. ಆದರೆ ಕೊಳ್ಳುವವರ ದೃಷ್ಟಿಯಿಂದ ಸ್ಟ್ಯಾಂಡೆಲ್ ಕಷ್ಟದ ಗಿರಾಕಿ. ಅದರ ಮಂಡಲದ ಭಾಗಗಳನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿದ್ದಾರೆ. ಒಳಗೆ ಒಂದು ಬಿಡಿಭಾಗ ಕೆಟ್ಟರೂ ತೆರೆದು ಸರಿಪಡಿಸಲಾಗದು.

ಇದಕ್ಕೆ ತದ್ವಿರುದ್ಧ ಪಾಲಿಟೋನ್ ಕಂಪನಿಯ ‘ಮಿನಿ-ಬ್ರೂಟ್’ ಸರಣಿ. ಕಂಪನಿಯನ್ನು ಕಟ್ಟಿದ ಟಾಮಿ ಗುಮಿನಾ ಸ್ವತಃ ಜಾಝ್ ಅಕಾರ್ಡಿಯನ್ ವಾದಕ. 12 ಅಥವಾ 15 ಇಂಚಿನ ಒಂದು ಸ್ಪೀಕರ್, ಹಿಂಬದಿ ಮುಚ್ಚಿದ ಚಿಕ್ಕ ಪೆಟ್ಟಿಗೆ, ಸುಮಾರು 100 ವಾಟ್ ಸಾಮರ್ಥ್ಯ. ಜೋ ಪಾಸ್ ಅವರಂಥ ದಿಗ್ಗಜರು ಇದನ್ನು ಬಳಸಿದರು. 20 ವಾಟಿನ ಬದಲು 100 ವಾಟ್ ಇದ್ದರೆ ಐದು ಪಟ್ಟು ಗಟ್ಟಿಯಾಗಿ ಕೇಳಿಸುತ್ತದೆಯೇ? ಇಲ್ಲ; ಹೆಚ್ಚಳ 7 ಡೆಸಿಬೆಲ್ ಮಾತ್ರ. ಆದರೆ ಅದೇ ಗಟ್ಟಿತನದಲ್ಲಿ ನುಡಿಸಿದರೆ ಈ 7 ಡೆಸಿಬೆಲ್ ಮೀಸಲಾಗಿ ಉಳಿಯುತ್ತದೆ. ಬೆರಳು ತಟ್ಟನೆ ಬಲವಾಗಿ ಮೀಟಿದಾಗ ತರಂಗದ ತಲೆ ಕತ್ತರಿಸಿಹೋಗುವುದಿಲ್ಲ. ಪಾಲಿಟೋನಿನ ‘ಮಂದ’ ನಾದಕ್ಕೆ ಕಾರಣ ಅದರ ಸ್ಪೀಕರ್, ಪೆಟ್ಟಿಗೆ, ಮತ್ತು ಮೂರು ಸ್ಥಾನಗಳ ನಾದ ಸ್ವಿಚ್ಚು. ಇವೆಲ್ಲ ಅಳೆಯಬಹುದಾದವು, ಇಂದೂ ಮತ್ತೆ ಕಟ್ಟಬಹುದಾದವು.

1975ರಲ್ಲಿ ಬಂದ ಜಪಾನಿನ ರೋಲೆಂಡ್ ಜೆಸಿ-120 ಮಾದರಿಯ ಹೆಸರೇ ‘ಜಾಝ್ ಕೋರಸ್’. ತಲಾ 60 ವಾಟಿನ ಎರಡು ವರ್ಧಕಗಳು, 12 ಇಂಚಿನ ಎರಡು ಸ್ಪೀಕರುಗಳು. ಕೋರಸ್ ಸ್ಥಿತಿಯಲ್ಲಿ ಒಂದು ಸ್ಪೀಕರಿಗೆ ಮೂಲ ಸಂಕೇತ, ಇನ್ನೊಂದಕ್ಕೆ ಅಲುಗಾಡುವ ವಿಳಂಬದ ಸಂಕೇತ. ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ. ಇದು ಸೊಗಸಾದ ಉಪಾಯ. ಆದರೆ ಹೆಸರನ್ನು ನಂಬಿ ಕೊಳ್ಳಬೇಡಿ. ಅದರ ಉಜ್ವಲ ಮೇಲ್ಸ್ತರದ ನಾದ ಎಲ್ಲ ಜಾಝ್ ವಾದಕರಿಗೂ ಹಿಡಿಸಿಲ್ಲ. ರಾಕ್ ಮತ್ತು ಪಾಪ್ ವಾದಕರಲ್ಲೂ ಅದು ಅಷ್ಟೇ ಜನಪ್ರಿಯವಾಯಿತು. ಹಳೆಯ ಪ್ರತಿಗಳಲ್ಲಿ ‘ಸ್ಸ್’ ಎಂಬ ಹಿನ್ನೆಲೆಯ ಸದ್ದನ್ನೂ ಪರೀಕ್ಷಿಸಬೇಕು. ತೂಕ ಸುಮಾರು 28 ಕಿಲೋಗ್ರಾಂ ಎಂಬುದನ್ನೂ ಮರೆಯಬೇಡಿ.

ಹಳತಾದಷ್ಟೂ ಉತ್ತಮವೇ?

ಈಗ ಎರಡನೇ ವಾದಕ್ಕೆ ಬರೋಣ. ಪಿಟೀಲಿನ ಮರ ವರ್ಷಗಳು ಕಳೆದಂತೆ ಮಾಗುತ್ತದೆ ಎಂಬ ನಂಬಿಕೆಯನ್ನು ಟ್ರಾನ್ಸಿಸ್ಟರ್ ಮಂಡಲಕ್ಕೂ ಹಚ್ಚುವುದು ಸರಿಯಲ್ಲ. ಸಿಲಿಕಾನ್ ಟ್ರಾನ್ಸಿಸ್ಟರ್ ಮಾಗುವುದಿಲ್ಲ. ಸರಿಯಾಗಿ ಬಳಸಿದರೆ ದಶಕಗಳ ಕಾಲ ಹಾಗೇ ಇರುತ್ತದೆ, ಇಲ್ಲವೇ ಕೆಡುತ್ತದೆ. ವಯಸ್ಸಾಗುವುದು ಎಲೆಕ್ಟ್ರೊಲೈಟಿಕ್ ಕೆಪಾಸಿಟರಿಗೆ: ಒಳಗಿನ ದ್ರವ ಒಣಗಿ ಧಾರಕತೆ ಇಳಿಯುತ್ತದೆ, ಆಂತರಿಕ ರೋಧ ಏರುತ್ತದೆ. ಗುಂಡಿಗಳ ಇಂಗಾಲದ ಪಟ್ಟಿ ಸವೆಯುತ್ತದೆ, ಬೆಸುಗೆ ಬಿರುಕುಬಿಡುತ್ತದೆ, ಸ್ಪೀಕರಿನ ಅಂಚು ಹರಿಯುತ್ತದೆ.

ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ‘ಎಲ್ಲವೂ ಒರಿಜಿನಲ್, ಒಂದು ಭಾಗವನ್ನೂ ಮುಟ್ಟಿಲ್ಲ’ ಎಂಬುದು ಹೆಚ್ಚು ಬೆಲೆ ಕೇಳುವ ಮಾತು. ಸಂಗ್ರಹಕಾರನಿಗೆ ಅದು ಬೆಲೆಯಿರಬಹುದು. ನುಡಿಸುವವನಿಗೆ ಅದರ ಅರ್ಥ, ಐವತ್ತು ವರ್ಷದ ಕೆಪಾಸಿಟರುಗಳನ್ನು ಬದಲಾಯಿಸುವ ಖರ್ಚು ಇನ್ನು ಅವನದೇ ಎಂದು. ಅರ್ಹ ತಂತ್ರಜ್ಞ ದುರಸ್ತಿ ಮಾಡಿದ್ದಕ್ಕೆ ಹೆಚ್ಚು ಬೆಲೆ ತೆರುವುದೇ ವಿವೇಕ.

ಹಳೆಯದರ ನಿಜವಾದ ಮೇಲ್ಮೆ ಬೇರೆ ಇದೆ. ಆ ಕಾಲದ ವರ್ಧಕಗಳಲ್ಲಿ ಬಿಡಿಭಾಗಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು, ಮಂಡಲದ ನಕ್ಷೆಗಳು ಸಿಗುತ್ತವೆ, 2ಎನ್3055ರಂಥ ಟ್ರಾನ್ಸಿಸ್ಟರುಗಳು ಇಂದಿಗೂ ಲಭ್ಯ. ಆದರೆ ನಕಲಿಗಳ ಬಗ್ಗೆ ಎಚ್ಚರ ಬೇಕು. ಸಾಮಾನ್ಯ ಬೆಸುಗೆ ಕಡ್ಡಿಯಿಂದ ರಿಪೇರಿ ಸಾಧ್ಯ. ಕೆಟ್ಟರೆ ಇಡೀ ಫಲಕವನ್ನೇ ಎಸೆಯಬೇಕಾದ ಇಂದಿನ ಅನೇಕ ಸಾಧನಗಳಿಗೆ ಈ ಮಾತು ಹೇಳಲಾಗದು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು

1. ಧ್ವನಿಯ ಗುಂಡಿಯನ್ನು ತಗ್ಗಿಸಿಟ್ಟು ಒಂದು ತಗ್ಗು ಸ್ವರವನ್ನು ಮೀಟಿ, ಅದು ಪೂರ್ಣ ಅಡಗುವವರೆಗೂ ಕೇಳಿ. ಬಾಲದಲ್ಲಿ ಗರಗರ ಬಂದರೆ ದಾಟುವಿರೂಪಣೆಯನ್ನು ಮೊದಲು ಶಂಕಿಸಿ, ಬಯಾಸ್ ಹಾಳಾಗಿರಬಹುದು. ಗಟ್ಟಿಯಾಗಿ ನುಡಿಸಿ ತೋರಿಸುವ ಮಾರಾಟಗಾರ ಈ ದೋಷವನ್ನು ತೋರಿಸಿದಂತಾಗುವುದಿಲ್ಲ.

2. ಗಿಟಾರ್ ಜೋಡಿಸದೆ ಗುಂಯ್‌ಗುಡುವಿಕೆಯನ್ನು ಕೇಳಿ. ನಮ್ಮಲ್ಲಿ 100 ಹರ್ಟ್ಸ್ ಗುಂಯ್‌ಗುಟ್ಟಿದರೆ ಪೂರ್ಣ ತರಂಗ ದಿಷ್ಟೀಕರಣದ ನಂತರದ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು. 50 ಹರ್ಟ್ಸ್ ಆದರೆ ಭೂಸಂಪರ್ಕ ಅಥವಾ ಕವಚದ ದೋಷವನ್ನು ಹುಡುಕಿ. ಎರಡೂ ಸ್ವರಗಳ ನಡುವೆ ಒಂದು ಸ್ಥಾಯಿಯ ಅಂತರವಿರುವುದರಿಂದ ಕಿವಿಗೇ ಗುರುತು ಸಿಗುತ್ತದೆ.

3. ತಂತ್ರಜ್ಞನ ನೆರವಿನಿಂದ ಸ್ಪೀಕರ್ ತುದಿಗಳಲ್ಲಿ ಏಕಮುಖ ವೋಲ್ಟೇಜನ್ನು ಅಳೆಯಿರಿ. ನೇರ ಜೋಡಣೆಯ ವರ್ಧಕದಲ್ಲಿ ಅದು ಕೆಲವು ಹತ್ತು ಮಿಲಿವೋಲ್ಟ್ ಮೀರಬಾರದು. ಹಲವು ವೋಲ್ಟ್ ಇದ್ದರೆ ಸ್ಪೀಕರಿನ ಸುರುಳಿ ಸುಡುತ್ತದೆ.

4. ಅರ್ಧ ಗಂಟೆ ಚಾಲೂ ಇಟ್ಟು ನಂತರ ಮತ್ತೊಮ್ಮೆ ಪರೀಕ್ಷಿಸಿ. ಉಷ್ಣದ ದೋಷಗಳು ಮೊದಲ ಐದು ನಿಮಿಷದಲ್ಲಿ ಕಾಣಿಸುವುದಿಲ್ಲ.

5. ಬದಲಿ ಸಿಗದ ಭಾಗಗಳು ಯಾವುವೆಂದು ಮೊದಲೇ ತಿಳಿಯಿರಿ. ಹಳೆಯ ಕೋರಸ್ ಮಂಡಲಗಳ ವಿಳಂಬ ಚಿಪ್ಪುಗಳ ಮೂಲ ತಯಾರಿಕೆ ಎಂದೋ ನಿಂತಿದೆ.

ಅಮೆರಿಕದ ವರ್ಧಕ, ನಮ್ಮ 230 ವೋಲ್ಟ್

ಅಮೆರಿಕದಲ್ಲಿರುವ ನೆಂಟರ ಮೂಲಕ ಇಂಥ ವರ್ಧಕ ತರಿಸುವವರು ಒಂದು ವಿಷಯವನ್ನು ಗಮನಿಸಬೇಕು. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸುವ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್, ತಂದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಆದರೆ ಅದು ಆವೃತ್ತಿಯನ್ನು ಬದಲಿಸುವುದಿಲ್ಲ. ವರ್ಧಕದೊಳಗಿನ ಪರಿವರ್ತಕದ ಕಬ್ಬಿಣದಲ್ಲಿ ಕಾಂತೀಯ ಅಭಿವಾಹ ವೋಲ್ಟೇಜ್ ಮತ್ತು ಆವೃತ್ತಿಗಳ ಅನುಪಾತಕ್ಕೆ ತಕ್ಕಂತಿರುತ್ತದೆ. 120ನ್ನು 60ರಿಂದ ಭಾಗಿಸಿದರೆ 2. 50ರಿಂದ ಭಾಗಿಸಿದರೆ 2.4. ಅಂದರೆ ಅಭಿವಾಹ ಶೇಕಡ 20 ಹೆಚ್ಚು. 60 ಹರ್ಟ್ಸಿಗಷ್ಟೇ ಬಿಗಿಯಾಗಿ ವಿನ್ಯಾಸ ಮಾಡಿದ ಪರಿವರ್ತಕ ಸಂತೃಪ್ತವಾಗಿ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ.

120ರ ಬದಲು 100 ವೋಲ್ಟ್ ಕೊಟ್ಟರೆ ಅನುಪಾತ ಮತ್ತೆ 2 ಆಗುತ್ತದೆ. ಇದಕ್ಕೆ ತೆರುವ ಬೆಲೆ, ಗರಿಷ್ಠ ಸಾಮರ್ಥ್ಯ ಸುಮಾರು ಶೇಕಡ 70ಕ್ಕೆ ಇಳಿಯುವುದು. ಡೆಸಿಬೆಲ್ ಲೆಕ್ಕದಲ್ಲಿ ಈ ನಷ್ಟ 1.6 ಮಾತ್ರ, ಕಿವಿಗೆ ಅಲ್ಪ. 50 ಹರ್ಟ್ಸಿಗೆ ಹೊಂದುವ ಹೊಸ ಪರಿವರ್ತಕ ಹಾಕಿಸುವುದು ಇನ್ನೂ ಒಳ್ಳೆಯದು.

ಸುರಕ್ಷತೆಯ ಮಾತು ಇನ್ನೂ ಮುಖ್ಯ. ಹಳೆಯ ಅಮೆರಿಕನ್ ವರ್ಧಕಗಳಲ್ಲಿ ಹಲವಕ್ಕೆ ಎರಡು ಕಡ್ಡಿಗಳ ಪ್ಲಗ್ಗು; ಮೇನ್ಸ್ ತಂತಿಯಿಂದ ಲೋಹದ ಚೌಕಟ್ಟಿಗೆ ಒಂದು ಕೆಪಾಸಿಟರ್. ಈ ಕೆಪಾಸಿಟರ್ ಕೆಟ್ಟು ಒಳಗೇ ಕೂಡಿಕೊಂಡರೆ ಮೇನ್ಸ್ ವೋಲ್ಟೇಜ್ ಚೌಕಟ್ಟಿಗೆ, ಅಲ್ಲಿಂದ ಗಿಟಾರಿನ ತಂತಿಗಳಿಗೆ ಬರುತ್ತದೆ. ಇನ್ನೊಂದು ಕೈ ಭೂಸಂಪರ್ಕವಿರುವ ಮೈಕ್ರೊಫೋನನ್ನು ಮುಟ್ಟಿದರೆ ಪ್ರಾಣಾಪಾಯ. ಆ ಕೆಪಾಸಿಟರ್ ತೆಗೆಸಿ, ಭೂಸಂಪರ್ಕವಿರುವ ಮೂರು ಕಡ್ಡಿಗಳ ಪ್ಲಗ್ಗು ಹಾಕಿಸದೆ ಇಂಥ ವರ್ಧಕವನ್ನು ಬಳಸಲೇಬೇಡಿ. ಟ್ರಾನ್ಸಿಸ್ಟರ್ ಮಂಡಲದ ಒಳಗಿನ ವೋಲ್ಟೇಜ್ ಕಡಿಮೆ ಎಂಬ ಧೈರ್ಯವೂ ಸಲ್ಲದು. 8 ಓಮಿನಲ್ಲಿ 100 ವಾಟ್ ಕೊಡಲು ಎರಡೂ ಬದಿಗೆ 40 ವೋಲ್ಟಿಗಿಂತ ಹೆಚ್ಚು ಬೇಕು. ದೊಡ್ಡ ಕೆಪಾಸಿಟರುಗಳು ಸ್ವಿಚ್ ಆರಿಸಿದ ಮೇಲೂ ಆವೇಶ ಹಿಡಿದಿರುತ್ತವೆ. ಮೇನ್ಸ್ ಭಾಗವಂತೂ ಎಲ್ಲ ವರ್ಧಕಗಳಲ್ಲೂ ಅಷ್ಟೇ ಅಪಾಯಕಾರಿ.

ಬಳಸುವಾಗ ಒಂದು ನಿಯಮ ನೆನಪಿರಲಿ: ಸೂಚಿಸಿದ್ದಕ್ಕಿಂತ ಕಡಿಮೆ ಓಮಿನ ಸ್ಪೀಕರ್ ಜೋಡಿಸಬಾರದು. ಪ್ರವಾಹ ಹೆಚ್ಚಿ ನಿರ್ಗಮ ಟ್ರಾನ್ಸಿಸ್ಟರುಗಳು ಬಲಿಯಾಗುತ್ತವೆ.

ತೀರ್ಮಾನ

ಹಳೆಯ ಟ್ರಾನ್ಸಿಸ್ಟರ್ ವರ್ಧಕಗಳು ಜಾಝ್‌ಗೆ ಒದಗಿಬಂದದ್ದು ಅವುಗಳಲ್ಲಿ ಮಾಯೆ ಇದ್ದುದರಿಂದಲ್ಲ. ಸಾಕಷ್ಟು ಮೀಸಲು ಶಕ್ತಿ, ಬಿಗಿಯಾದ ತಗ್ಗು ಸ್ವರ, ತಕ್ಕ ಸ್ಪೀಕರು-ಪೆಟ್ಟಿಗೆಗಳು ಅವುಗಳಲ್ಲಿ ಇದ್ದುದರಿಂದ. ಇದೇ ಗುಣಗಳು ಇಂದಿನ ಹಗುರ ವರ್ಧಕಗಳಲ್ಲೂ ಸಿಗುತ್ತವೆ. ಆದ್ದರಿಂದ ಮೊದಲ ವರ್ಧಕ ಕೊಳ್ಳುವ ವಿದ್ಯಾರ್ಥಿ ಕಡಲಾಚೆಯಿಂದ ಹಳೆಯದನ್ನು ತರಿಸಲು ಸಾಲ ಮಾಡಬೇಕಿಲ್ಲ. ಹತ್ತಿರದಲ್ಲೇ ಒಂದು ಸಿಕ್ಕಿ, ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಸೇರಿಸಿದ ಮೇಲೂ ಅಗ್ಗವೆನಿಸಿದರೆ ಧಾರಾಳವಾಗಿ ಕೊಳ್ಳಬಹುದು.

ಅಧ್ಯಾಪಕರಿಗೆ ಒಂದು ಸಲಹೆ. ‘ಬೆಚ್ಚಗೆ’, ‘ಒರಟು’ ಎಂಬ ಮಾತುಗಳನ್ನು ತರಗತಿಯಲ್ಲಿ ಪರೀಕ್ಷಿಸಲು ಸಂಕೇತ ಜನಕ, ಆಸಿಲೋಸ್ಕೋಪ್, ತಕ್ಕ ವಾಟಿನ 8 ಓಮ್ ರೋಧಕ ಮತ್ತು ಒಂದು ಸಾಧಾರಣ ಟ್ರಾನ್ಸಿಸ್ಟರ್ ವರ್ಧಕ ಸಾಕು. ಸ್ಪೀಕರಿನ ಬದಲು ರೋಧಕವನ್ನು ಜೋಡಿಸಿ, ಸಂಕೇತವನ್ನು ಮೆಲ್ಲಗೆ ಏರಿಸುತ್ತ ತಲೆ ಚಪ್ಪಟೆಯಾಗುವ ಹಂತವನ್ನು, ಇಳಿಸುತ್ತ ಶೂನ್ಯರೇಖೆಯ ಬಳಿಯ ಎಡವನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಎರಡು ವರ್ಧಕಗಳನ್ನು ಕಿವಿಯಿಂದ ಹೋಲಿಸುವಾಗ ಒಂದೇ ಸ್ಪೀಕರ್ ಬಳಸಿ, ವೋಲ್ಟ್‌ಮೀಟರಿನಿಂದ ಎರಡರ ಮಟ್ಟವನ್ನು ಸಮಮಾಡಿ, ಯಾವುದು ನುಡಿಯುತ್ತಿದೆ ಎಂಬುದನ್ನು ಕೇಳುವವರಿಗೆ ಹೇಳಬೇಡಿ. ಗಟ್ಟಿಯಾದದ್ದೇ ಉತ್ತಮವೆಂದು ಕಿವಿ ಮೋಸಹೋಗುವುದು ಬಹು ಸುಲಭ. ಹೀಗೆ ಕೇಳಿದ ಮೇಲೂ ಉಳಿಯುವ ವ್ಯತ್ಯಾಸ ನಿಜವಾದುದು. ಅದಕ್ಕೆ ಕಾರಣ ಮಂಡಲದ ಯಾವ ಭಾಗದಲ್ಲಿದೆ ಎಂದು ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಿ.